ಗಿರಿಜಳ ಕೋಣೆಯ ಮಾಡು

ಸಾಸ್ತಾನದ ನನ್ನ ಬಾಡಿಗೆ ಕೋಣೆಯನ್ನು ಗಿರಿಜ ತಾನಾಗಿಯೇ ಬಿಟ್ಟು ಹೋದಳೆಂದು ಎಲ್ಲರೂ ನಂಬಿದ್ದಾರೆ. ಅವಳೂ ಹಾಗೆಯೇ ನಂಬಿದ್ದಾಳೆ. ಅದು ನಿಜವಲ್ಲ. ನಾನು ಅವಳನ್ನು ಬಿಡಿಸಿದೆ – ಒಂದೇ ಒಂದು ಗಟ್ಟಿ ಮಾತಾಡದೆ, ಬರೀ ಸೆಕೆಯಿಂದ.

ಗಾರೆ ಕೆಲಸದಿಂದ ಶುರು ಮಾಡಿ ಐದು ಕೋಣೆ ಕಟ್ಟಿದವ ನಾನು. ಯಾವ ಕಾಗದವನ್ನೂ ಕೊನೆಯ ಪುಟದಿಂದ ಓದಿ ಎಂದು ಕಂಡವರಿಗೆಲ್ಲ ಬುದ್ಧಿ ಹೇಳುತ್ತಿದ್ದವ. ಬಡವರು ಬಾಡಿಗೆಗಿರುವ ಮನೆಗಳಿಗೆ ತಗಡಿನ ಚಾವಣಿಯ ಬದಲು ಸೆಕೆ ತಡೆಯುವ ಮಾಡು ಹೊದಿಸಲು, ಕರೆಂಟು ಕಡಿಮೆ ತಿನ್ನುವ ಫ್ಯಾನು ಹಾಕಿಸಲು ಸರ್ಕಾರ ಸಹಾಯಧನ ಕೊಡುತ್ತದೆ ಎಂದಾಗ ಅದರ ಕಾಗದವನ್ನೂ ಹಾಗೆಯೇ ಓದಿದೆ. ಕೊನೆಯ ಪುಟದಲ್ಲಿತ್ತು: ಈಗಿರುವ ಬಾಡಿಗೆದಾರರಿಗೆ ಮೂರು ವರ್ಷ ಬಾಡಿಗೆ ಏರಿಸುವಂತಿಲ್ಲ. ಅವರು ತಾವಾಗಿ ಬಿಟ್ಟರೆ ಆ ಷರತ್ತಿಲ್ಲ.

ಐದನೆಯ ಕೋಣೆ ಗಿರಿಜಳದು. ಮೀನು ಬುಟ್ಟಿ ಹೊತ್ತು ಅಲ್ಲಿಯೇ ಸುತ್ತಲಿನ ಮನೆಗಳಿಗೆ ಮಾರುತ್ತಿದ್ದಳು. ಗಂಡ ಬೋಟಿನಲ್ಲಿ ಬಿದ್ದು ಸೊಂಟ ಮುರಿದುಕೊಂಡು ಮಂಚ ಹಿಡಿದಿದ್ದ. ಗಿರಾಕಿಗಳೆಲ್ಲ ಕಾಲ್ನಡಿಗೆಯ ದೂರದಲ್ಲಿದ್ದುದರಿಂದ ನಡುನಡುವೆ ಬಂದು ಅವನ ಮಗ್ಗುಲು ತಿರುಗಿಸಿ ಹೋಗುತ್ತಿದ್ದಳು. ಆ ಕೋಣೆ ಅವಳಿಗೆ ಯಾಕೆ ಬೇಕೆಂದು ನನಗೆ ಗೊತ್ತಿರಲಿಲ್ಲ ಎನ್ನುವಂತಿಲ್ಲ.

ಪ್ರತಿ ಬೇಸಗೆಗೆ ಅವಳು ತೆಂಗಿನ ಗರಿ ಹೆಣೆದು, ಆ ಮಡಲುಗಳನ್ನು ತಗಡಿನ ಮೇಲೆ ಹಾಸುತ್ತಿದ್ದಳು. ಅದರಿಂದಲೇ ಒಳಗೆ ಮನುಷ್ಯರು ಇರಬಹುದಿತ್ತು. ಆ ವರ್ಷ ನಾನು ಹೇಳಿದೆ – "ಮಡ್ಲು ತೆಗಿ ಮರಾಯ್ತಿ. ಇಂಜಿನಿಯರ್ ಬತ್ರ್, ಬರೀ ತಗಡಿನ ಫೋಟೋ ಬೇಕಂಬ್ರ್."

ಅವಳೇ ಏಣಿ ಹತ್ತಿ ತೆಗೆದಳು. ಸ್ನಾನದ ಹಂಡೆಗೆ ಉರಿ ಹಾಕಿ ಮುಗಿಸಿದಳು. "ಹೊಸ ಮಾಡ್ ಬತ್ತ್ ಅಲ್ದಾ, ಇದ್ಯಾಕ್ ಇನ್ನ್?" ಎಂದು ನಕ್ಕಳು.

ಫೋಟೋ ಆಯಿತು. ಸಾಮಾನು ವಾರದೊಳಗೆ ಬಂತು. ಉಳಿದ ನಾಲ್ಕು ಕೋಣೆಗಳಲ್ಲಿ ಮುಂಬಯಿಯಿಂದ ಬಂದ ನನ್ನ ನೆಂಟರೇ ಇದ್ದರು. ಅವರ ಬಾಡಿಗೆ ಏರಿಸುವ ಯೋಚನೆ ಹೇಗೂ ಇರಲಿಲ್ಲ, ಅಲ್ಲಿ ಹೊದಿಸಿದೆ. ಐದನೆಯದರ ಸಾಮಾನನ್ನು ಮಾತ್ರ ಕೊಕ್ಕರ್ಣೆಯ ನನ್ನ ಮನೆಯ ಕೊಟ್ಟಿಗೆಗೆ ಸಾಗಿಸಿ, ಗೋಣಿ ಮುಚ್ಚಿ ಇಟ್ಟೆ.

"ಹ್ವಾಯ್ ಶೆಟ್ರೆ, ನಮ್ದ್ ಯಾವಾಗ?" ಎಂದು ಕೇಳುತ್ತಿದ್ದಳು.

"ನಿಂದ್ ಸಾಮಾನ್ ಬರ್ಲಿಲ್ಲ."

"ಹಂಗಾರೆ ಮಡ್ಲು ಮತ್ತೆ ಹಾಕ್ತೆ."

"ಬ್ಯಾಡ. ಅವ್ರ್ ಕಂಡ್ರೆ ಅರ್ಜಿ ಬಿದ್ದೋತ್ತ್."

ಇಷ್ಟೇ ಮಾತು. ಹೆಚ್ಚು ಮಾತಾಡಿದರೆ ವ್ಯಾಪಾರ ಕೆಡುತ್ತದೆ – ಅದೂ ನಾನೇ ಹೇಳಿಕೊಡುತ್ತಿದ್ದ ಪಾಠ.

ಎಪ್ರಿಲ್ ಕಳೆಯಿತು. ಒಂದು ಮಧ್ಯಾಹ್ನ ಒಳಗೆ ಇಣುಕಿದೆ. ಗಂಡನ ಬೆನ್ನಿನ ಚರ್ಮ ಕೆಂಪಗೆ ಎದ್ದಿತ್ತು, ಅವಳು ಒದ್ದೆ ಬಟ್ಟೆಯಿಂದ ಒತ್ತುತ್ತಿದ್ದಳು. ನೋಡಿದೆ – ನೋಡಿ ಹೊರಬಂದೆ. ಆಗ ನನಗೆ ಏನೆನ್ನಿಸಿತೆಂದು ಎಷ್ಟು ನೆನಪಿಸಿಕೊಂಡರೂ ಏನೂ ಸಿಗುವುದಿಲ್ಲ. ಮೇ ತಿಂಗಳಲ್ಲಿ ಅವಳು ಕೀಲಿಕೈ ತಂದುಕೊಟ್ಟಳು. "ಇವ್ರಿಗೆ ಸೆಕೆ ತಡೂಕ್ ಆತಿಲ್ಲ ಶೆಟ್ರೆ. ಕಿರಿಮಂಜೇಶ್ವರಕ್ಕೆ, ಅಣ್ಣನ ಮನಿಗೆ ಹೋತೆ. ಸರ್ಕಾರದ್ ಕೆಲ್ಸ, ನೀವಾರೂ ಎಂತ ಮಾಡುಕಾತ್ತ್?"

ಹತ್ತು ದಿನದಲ್ಲಿ ಹೊಸ ಮಾಡು ಏರಿತು. ಹೊಸಬರು ಬಂದರು, ಹೊಸ ಬಾಡಿಗೆಗೆ.

ಕಳೆದ ತಿಂಗಳು ಕಿರಿಮಂಜೇಶ್ವರದ ದೇವಸ್ಥಾನಕ್ಕೆ ಹೋದಾಗ ಅವಳು ಎದುರಾದಳು. ಬುಟ್ಟಿ ಇಲ್ಲ. ಗೊತ್ತಿಲ್ಲದ ಊರಿನಲ್ಲಿ ಗಿರಾಕಿ ಕಟ್ಟಲಾಗಲಿಲ್ಲವಂತೆ, ಈಗ ಯಾರದೋ ಶೆಡ್ಡಿನಲ್ಲಿ ಸಿಗಡಿ ಸುಲಿಯುತ್ತಾಳೆ. ಗಂಡನನ್ನು ಬೆಳಗಿನಿಂದ ಸಂಜೆಯವರೆಗೆ ಒಬ್ಬನೇ ಬಿಡಬೇಕು. ಅದನ್ನೆಲ್ಲ ಮಾಮೂಲಿನಂತೆ ಹೇಳಿ, ಕೊನೆಗೆ ಕೇಳಿದಳು – "ಈಗ ಆ ಕೋಣಿ ಒಳ್ಗ್ ಇಪ್ಪೋರಿಗೆ ತಂಪ್ ಇತ್ತಾ?"

"ಇತ್ತ್" ಎಂದೆ.

"ಒಳ್ಳೇದಾಯ್ತ್" ಎಂದಳು. ಮನಸಾರೆ.

ಇದನ್ನು ಬರೆಯುವಾಗ ಕಣ್ಣೀರು ಬಂತೆಂದು ಹೇಳಿದರೆ ಇನ್ನೊಂದು ಸುಳ್ಳಾಗುತ್ತದೆ. ಬರುವ ಸೋಮವಾರ ಸಹಾಯಧನ ಕೊಟ್ಟ ಆಫೀಸಿಗೆ ಹೋಗಿ ನಡೆದದ್ದನ್ನು ಬರೆದು ಕೊಡುತ್ತೇನೆ. ಅಲ್ಲಿಂದ ನೇರ ಕಿರಿಮಂಜೇಶ್ವರಕ್ಕೆ, ಅವಳ ಗಂಡನೂ ಕೇಳುವ ಹಾಗೆ ಮಂಚದ ಪಕ್ಕ ನಿಂತು ಹೇಳಬೇಕು. ಬೈದರೆ ಬೈಸಿಕೊಳ್ಳುತ್ತೇನೆ. ಬೈಯದೆ, ಕುಳಿತುಕೊಳ್ಳಿ ಎಂದು ಮಣೆ ಕೊಟ್ಟರೆ – ಆಗ ಏನು ಮಾಡಬೇಕೆಂದು ನನಗೆ ಗೊತ್ತಿಲ್ಲ.