ಕಟ್ಟಿಟ್ಟ ಎಡಗೈ

ಚಾಮರಾಜನಗರದ ಅರಿಸಿನ ವ್ಯಾಪಾರಿ ನೀಲಕಂಠಸ್ವಾಮಿ ಕೆಟ್ಟವನೇನಲ್ಲ. ತನಗೆ ತೋಚಿದ್ದೇ ಸರಿ ಎನ್ನುವ ಆಸಾಮಿ, ಅಷ್ಟೆ. ಐವತ್ತಾರನೇ ಇಸವಿಯಲ್ಲಿ ಹೆಂಡತಿ ಮಲ್ಲಾಜಮ್ಮನಿಗೆ ಲಕ್ವ ಹೊಡೆದು ಎಡಗೈ ಬಿದ್ದುಹೋಯಿತು. ಇಷ್ಟಲಿಂಗವನ್ನು ಎಡ ಅಂಗೈಯಲ್ಲೇ ಇಟ್ಟು ಪೂಜಿಸಬೇಕು; ಒಂದು ಬೆಳಿಗ್ಗೆ ಪೂಜೆಗೆ ಕುಳಿತಾಗ ಅದು ಆ ಅಂಗೈಯಿಂದ ಜಾರಿತು. ನೆಲ ಮುಟ್ಟುವ ಮೊದಲೇ ಇವನು ಹಿಡಿದ. ಹಿಡಿದನಲ್ಲ, ಅಷ್ಟಕ್ಕೇ ಸುಮ್ಮನಿರಬಾರದೇ?

"ಲಿಂಗ ನೆಲಕ್ಕೆ ಬಿದ್ದಿದ್ರೆ ಏನ್ ಗತಿ? ಸತ್ತ ಕೈ ಕಣಮ್ಮಿ ಅದು, ಬುಡು" ಎಂದವನೇ ಆ ಕೈಯನ್ನು ಬಟ್ಟೆಯಲ್ಲಿ ಸುತ್ತಿ ಅವಳ ಎದೆಗೆ ಕಟ್ಟಿಬಿಟ್ಟ. ಅಂದಿನಿಂದ ಲಿಂಗ ಅವಳ ಕೊರಳ ಕರಡಿಗೆಯಲ್ಲೇ ಉಳಿಯಿತು. ಐದು ತಿಂಗಳು ಅವಳು ಆ ಬಗ್ಗೆ ತುಟಿ ಬಿಚ್ಚಲಿಲ್ಲ. ಇವನು ಅದನ್ನು ಒಪ್ಪಿಗೆ ಎಂದುಕೊಂಡ, ಪುಣ್ಯಾತ್ಮ!

ಕೊನೆಗೆ ಗುಂಡ್ಲುಪೇಟೆಯ ಅವಳಣ್ಣ ದೊಡ್ಡಮಲ್ಲಪ್ಪ ಹಟ ಹಿಡಿದು ಇಬ್ಬರನ್ನೂ ಬೆಂಗಳೂರಿನ ಆಸ್ಪತ್ರೆಯೊಂದಕ್ಕೆ ಕಳಿಸಿದ. ಅಲ್ಲಿ ಮಿದುಳಿನ ಅಲೆ ಬರೆಯುವ ಮಿಷನ್ನು ಬಂದಿತ್ತು. ಡಾಕ್ಟರು ಮಲ್ಲಾಜಮ್ಮನ ತಲೆಗೆ ತಂತಿಗಳನ್ನು ಅಂಟಿಸಿದರು. ಮುಳ್ಳುಗಳು ಕಾಗದದ ಮೇಲೆ ಬಾಚಣಿಗೆ ಹಲ್ಲಿನಂತೆ ಗೀಚತೊಡಗಿದವು.

"ಅಮ್ಮಾ, ಕೈ ಎತ್ತೋಕೆ ಹೋಗಬೇಡಿ. ಎಡಗೈಯಲ್ಲಿ ಏನೋ ಕೆಲಸ ಮಾಡ್ತಿದ್ದೀನಿ ಅಂತ ಮನಸ್ಸಲ್ಲೇ ಅಂದುಕೊಳ್ಳಿ."

ಅವಳು ಕಣ್ಣು ಮುಚ್ಚಿಕೊಂಡಳು. ಒಂದು ಗೆರೆಯ ಹಲ್ಲುಗಳೆಲ್ಲ ಮಾಯವಾಗಿ ಗೆರೆ ಸಪಾಟಾಯಿತು.

"ಅಯ್ಯೋ ಶಿವನೇ! ಇದ್ದಿದ್ದೂ ಓಯ್ತಲ್ಲ ಡಾಕ್ಟ್ರೇ!" ಎಂದು ನೀಲಕಂಠಸ್ವಾಮಿ ಕೂಗಿಕೊಂಡ.

ಡಾಕ್ಟರು ನಕ್ಕರು. "ಹೋಗಿಲ್ಲ ಸ್ವಾಮಿ. ಕೈ ಸುಮ್ಮನಿದ್ದಾಗ ಈ ಗೆರೆಯಲ್ಲಿ ಬಾಚಣಿಗೆ ಹಲ್ಲು ಬರುತ್ತೆ. ಆಡಿಸಿದರೂ, ಆಡಿಸಿದ ಹಾಗೆ ಅಂದುಕೊಂಡರೂ ಮಲಗುತ್ತೆ. ಇವರ ಮಿದುಳು ಕೈಯನ್ನ ಮರೆತೇ ಇಲ್ಲ. ಏನಮ್ಮ ನೆನೆಸಿಕೊಂಡ್ರಿ?"

"ಲಿಂಗ ಇಡ್ಕಂಡಿದ್ದೆ ಬುದ್ಧಿ. ದಿನಾ ಬೆಳಿಗ್ಗೆ ಇಡ್ಕತೀನಿ, ಈ ಬಟ್ಟೆ ಒಳಗೇಯ."

ಡಾಕ್ಟರ ನಗು ನಿಂತಿತು. "ಕಟ್ಟಿದ್ದು ಯಾರು? ಆಡಿಸದೆ ಕೀಲೆಲ್ಲ ಬಿಗಿದುಹೋಗಿದೆಯಲ್ಲ!"

ಭೂಮಿ ಬಾಯಿಬಿಡಬಾರದೇ ಅನ್ನಿಸಿತು ಅವನಿಗೆ. "ನಾನೇ" ಎಂದ. ಸತ್ತ ಕೈ ಅಂದ ತನ್ನ ನಾಲಿಗೆಯೇ ಬಿದ್ದುಹೋಗಬೇಕಿತ್ತು ಎಂದುಕೊಂಡು ರೈಲಿನಲ್ಲಿ ಊರು ಬರುವತನಕ ಅವಳ ಮುಖ ನೋಡಲಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು!

ಮರುದಿನ ಮಿಂದು ಬಂದು ಅವಳೆದುರು ಕುಳಿತ. ಕಟ್ಟು ಬಿಚ್ಚಿದ. ಮರಗಟ್ಟಿದ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಅವಳ ಅಂಗೈಯಲ್ಲಿ ಲಿಂಗವಿಟ್ಟು, ಬೀಳದಂತೆ ಕೆಳಗೆ ತನ್ನೆರಡೂ ಕೈ ಕೊಟ್ಟ. ಲಿಂಗ ಗಡಗಡ ಅಲುಗಿತು.

"ತಪ್ಪಾಯ್ತು ಕಣಮ್ಮಿ" ಎಂದ. ಕಣ್ಣೀರು ತಡೆಯಲಾಗಲಿಲ್ಲ. "ನೋಡು, ಕೈ ಅಲ್ಲಾಡ್ತಾ ಅದೆ!"

"ನಂದಲ್ಲ, ನಡುಗ್ತಿರೋದು ನಿಮ್ ಕೈ" ಎಂದಳು ಮಲ್ಲಾಜಮ್ಮ. "ಬದ್ರವಾಗಿ ಇಡ್ಕಳಿ."