ಯಾರೂ ಮೂಸದ ಕಾರು

ಕ್ಯಾಲಿಫೋರ್ನಿಯಾದ ಹೇವರ್ಡಿನಲ್ಲಿ ನಮ್ಮ ಪಕ್ಕದ ಅಪಾರ್ಟ್‌ಮೆಂಟಿನಲ್ಲಿದ್ದ ಮಂಡ್ಯದ ಇಂಜಿನಿಯರೊಬ್ಬರು, ಎಲ್ಲರೂ ಎಲೆಕ್ಟ್ರಿಕ್ ಕಾರು ಕೊಳ್ಳುತ್ತಿದ್ದಾಗ ಒಂದು ಮುದಿ ಅಮೆರಿಕನ್ ಕಾರು ತಂದರು. ಒಂದು ಕಾಲಕ್ಕೆ ಶ್ರೀಮಂತರ ಕಾರು. ಎರಡೇ ಬಾಗಿಲು, ದೋಣಿಯಷ್ಟು ಉದ್ದದ ಮೂತಿ, ಒಳಗೆ ಕೆಂಪು ಮಖಮಲ್ಲಿನ ಸೀಟು. ಹಳೆಯ ಕಾರುಗಳ ಹುಚ್ಚಿದ್ದವರೂ ಆ ಮಾಡೆಲ್ಲನ್ನು ಮೂಸುತ್ತಿರಲಿಲ್ಲ. ಹಾಗಾಗಿ ಸಿಕ್ಕಾಪಟ್ಟೆ ಅಗ್ಗ.

ಯಾರಾದರೂ ನಕ್ಕರೆ ಅವರು ಹೆಗಲ ಟವೆಲಿನಿಂದ ಸೀಟು ಒರೆಸಿ, ಬಾಗಿಲು ಹಿಡಿದು, "ಕೂತ್ ನೋಡಿ ಸಾರ್, ಆಮೇಲ್ ಮಾತಾಡಿ" ಎನ್ನುತ್ತಿದ್ದರು. ಕೂತವರಿಗೆ ಏಳಲು ಮನಸ್ಸಾಗುತ್ತಿರಲಿಲ್ಲ. ಅವರ ಹೆಂಡತಿ ಮಾತ್ರ, "ಈ ಗುಜರೀಲಿ ನಾನ್ ಕೂರಲ್ಲ, ಮಾರ್ಬಿಡಿ" ಎಂದು ಹಟ ಹಿಡಿದಿದ್ದರು. ಕೊನೆಗೆ ಗಂಡನೇ, "ಹಬ್ಬ ಕಳೀಲಿ, ಮಾರ್ತೀನಿ" ಎಂದು ಸೋತರು.

ಆಯುಧಪೂಜೆಯ ದಿನ ಪಾರ್ಕಿಂಗ್ ಲಾಟಿನಲ್ಲಿ ಎಲ್ಲರ ಕಾರುಗಳೂ ಸದ್ದಿಲ್ಲದೆ ನಿಂಬೆಹಣ್ಣಿನ ಮೇಲೆ ಹರಿದವು. ಇದು ಎರಡು ಸಲ ಕೆಮ್ಮಿ ಸುಮ್ಮನಾಯಿತು. ನಿಂಬೆಹಣ್ಣು ಒಡೆಯದೆ ಪೂಜೆ ಮುಗಿಯುವುದು ಹೇಗೆ? ನಾವು ಗಂಡಸರೆಲ್ಲ ತಳ್ಳಲು ನಿಂತೆವು. ಇಂಜಿನಿಯರರೂ ಪಂಚೆ ಎತ್ತಿ ಕಟ್ಟಿ ಸೇರಿಕೊಂಡರು. ಸ್ಟೇರಿಂಗ್ ಹಿಡಿಯಲು ಒಬ್ಬರು ಬೇಕಲ್ಲ, ಎಲ್ಲರೂ ಅವರ ಹೆಂಡತಿಯ ಕಡೆ ನೋಡಿದೆವು. ಆಕೆ ರೇಷ್ಮೆ ಸೀರೆ ಮುದುರಿಕೊಂಡು, ಮುಖ ಸಿಂಡರಿಸಿ ಒಳಗೆ ಕೂತರು.

ನಿಂಬೆಹಣ್ಣು ಪಚಕ್ಕೆಂದಿತು. ನಾವು ಚಪ್ಪಾಳೆ ತಟ್ಟಿದೆವು. ಆಕೆ ಇಳಿಯಲಿಲ್ಲ. ಗಂಡ ಏದುಸಿರು ಬಿಡುತ್ತ ಕಿಟಕಿಗೆ ಬಗ್ಗಿ, "ಆಯ್ತು, ಇಳಿಯೇ" ಎಂದರು.

ಆಕೆ ಸೀಟಿಗೆ ಆರಾಮವಾಗಿ ಒರಗಿ, ಸ್ಟೇರಿಂಗ್ ಬಿಡದೆ ಹೇಳಿದರು: "ಗೇಟ್ ತನಕ ತಳ್ರಿ."