ಕಿತ್ತರೆ ಚಿಗುರದ ಪೈರು

ಟೀ ತೋಟ ನೋಡಿ ಬಂದ ಮೇಲೆಯೇ ನನ್ನ ತಮ್ಮನ ತಲೆ ಕೆಟ್ಟಿದ್ದು. ಊಟಿ ಕಡೆಯ ಬೆಟ್ಟದೂರಿಗೆ ಅವನು, ನಾನು, ಅವ್ವ ಮೂವರೂ ಹೋಗಿದ್ದೆವು. ಪೇಟೆಯಿಂದ ಬಂದವರ ಬೆನ್ನಿಗೆ ಬುಟ್ಟಿ ಕಟ್ಟಿ, ಅಲ್ಲಿ ಟೀ ಚಿಗುರು ಬಿಡಿಸಲು ಬಿಡುತ್ತಿದ್ದರು. ಆಮೇಲೆ ಊಟ, ಫೋಟೋ. ಅವ್ವ ಮನೆ ಹಿತ್ತಲ ಸೊಪ್ಪು ಮುರಿದ ಹಾಗೆ ಕೈಗೆ ಸಿಕ್ಕಿದ್ದನ್ನೆಲ್ಲ ಕಿತ್ತು, ತೋಟದ ಹೆಂಗಸರಿಂದ ಬೈಸಿಕೊಂಡು, ಅವರ ಜೊತೆ ತಾನೂ ನಕ್ಕಳು. ಅವಳು ಹಾಗೆ ನಕ್ಕಿದ್ದನ್ನು ನೋಡಿ ಎಷ್ಟು ಕಾಲವಾಗಿತ್ತೋ!

ನಾಟಿ ಮಿಷನ್ನು ಬಂದಾಗಿನಿಂದ ಅವ್ವ ಗದ್ದೆಗೆ ಇಳಿದಿರಲಿಲ್ಲ. ಮಳವಳ್ಳಿ ತಾಲ್ಲೂಕಿನ ನಮ್ಮೂರಲ್ಲಿ ಒಂದು ಕಾಲಕ್ಕೆ ಅವಳಿಲ್ಲದೆ ಯಾರ ನಾಟಿಯೂ ಶುರುವಾಗುತ್ತಿರಲಿಲ್ಲ. ಎಲ್ಲಾ ಮುಯ್ಯಾಳು. ಇವತ್ತು ನಮ್ಮ ಗದ್ದೆಗೆ ನೀವು, ನಾಳೆ ನಿಮ್ಮ ಗದ್ದೆಗೆ ನಾವು. ಸೀರೆ ಎತ್ತಿ ಕಟ್ಟಿ, ಸಾಲಾಗಿ ಬಗ್ಗಿ, ಪೈರು ಊರುತ್ತಾ ಹಿಂದಹಿಂದಕ್ಕೆ ಬರೋರು. ಆ ಹೆಂಗಸರ ಬಾಯೋ, ದೇವರಿಗೇ ಪ್ರೀತಿ! ಬದುವಿನ ಮೇಲೆ ಹೋಗೋ ಗಂಡಸರ ಮಾನ ಹರಾಜು ಹಾಕಿಬಿಡೋರು. ನಾನು ಮಾತ್ರ ಬದುವಿನ ಮೇಲೆ ಬುತ್ತಿ ಕಾಯ್ತಾ ಕೂತಿರಬೇಕು. "ನೀನ್ ಓದ್ಕೊ, ಕೆಸ್ರು ನಮ್ಗಿರ್ಲಿ" ಅನ್ನೋಳು ಅವ್ವ. ಓದಿದೆ, ಮಂಡ್ಯದಲ್ಲಿ ಟೀಚರ್ ಆಗಿದ್ದೂ ಆಯ್ತು. ಆದರೂ ಗದ್ದೆಯಲ್ಲಿನ ಆ ಹೆಂಗಸರ ನಗು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತೆ.

"ಅಕ್ಕ, ಅವ್ರು ಟೀ ಕೀಳುಸ್ತಾರೆ, ನಾವು ನಾಟಿ ಮಾಡ್ಸಾದು" ಅಂದ ತಮ್ಮ. ಮನೆ ಹಿಂದಿನ ಸಣ್ಣ ಗದ್ದೆಗೆ ಮಿಷನ್ನು ಬಿಡದೆ ಉಳಿಸಿಕೊಂಡ. ಭಾನುವಾರ ಬೆಂಗಳೂರಿನಿಂದ ಜನ ಬರೋದು, ಬೆಳಿಗ್ಗೆ ನಾಟಿ, ಮಧ್ಯಾಹ್ನ ಮುದ್ದೆ, ಉಪ್ಸಾರು. ಮುದ್ದೆ ಕಟ್ಟೋಕೆ ಮಂಡ್ಯದಿಂದ ನಾನು ಬರಬೇಕು, ಅದು ಬಿಟ್ಟಿ ಚಾಕರಿ!

ಮೊದಲ ಭಾನುವಾರ ಬಂದವರಲ್ಲಿ ಒಬ್ಬ ದಪ್ಪ ಮನುಷ್ಯ ಗದ್ದೆಗೆ ಇಳಿದವನೇ ಕೆಸರಲ್ಲಿ ಕೂತುಬಿಟ್ಟ. ಅವನನ್ನು ಎಬ್ಬಿಸೋಕೆ ಅಂತ ಇಳಿದ ಅವ್ವ ಮೇಲೆ ಬರಲೇ ಇಲ್ಲ. "ಆಳುಕ್ ತಳ್ಬ್ಯಾಡ ಕಣಪ್ಪ, ಬೆರಳ್ ತುದೀಲಿ ಊರು" ಅಂತ ಒಬ್ಬೊಬ್ಬರಿಗೂ ಹೇಳಿಕೊಟ್ಟಳು. ಸಾಲು ಸೊಟ್ಟಂಪಟ್ಟ ಆಯ್ತು. ಹೊರಡುವಾಗ ಅವರಿಗೆಲ್ಲ, "ತೆನೆ ಬಂದಾಗ ಬನ್ರಪ್ಪ, ನಿಮ್ ಪೈರು ನೋಡೀರಂತೆ" ಅಂದಳು. ಆಮೇಲೆ ದಿನಾ ಬೆಳಿಗ್ಗೆ ಕಾಫಿ ಲೋಟ ಹಿಡಿದು ಆ ಗದ್ದೆ ಬದುವಿನ ಮೇಲೇ ಇರುತ್ತಿದ್ದಳಂತೆ.

ಮುಂದಿನ ಶನಿವಾರ ನಾನು ಬಸ್ಸಿಳಿದು ಮನೆಗೆ ಬಂದರೆ ಹಿಂದುಗಡೆ ಟಿಲ್ಲರ್ ಸದ್ದು. ಮಾರನೇ ದಿನ ಬರುವವರಿಗೂ ಕೆಸರು ಬೇಕಲ್ಲ, ಅದಕ್ಕೆ ತಮ್ಮ ಆ ಪೈರಿನ ಮೇಲೆಯೇ ಟಿಲ್ಲರ್ ಬಿಟ್ಟಿದ್ದ. ಅವ್ವ ಅದರ ಮುಂದೆ ಮೊಣಕಾಲುದ್ದ ಕೆಸರಲ್ಲಿ ನಿಂತಿದ್ದಳು.

"ಟೀ ತೋಟದಲ್ಲೂ ಇಂಗೇ ಅಲ್ವೇನವ್ವ? ದಿನಾ ಬಂದೋರು ಅದೇ ಗಿಡ್ದಲ್ಲೇ ಕೀಳಾಕಿಲ್ವಾ?"

"ಅದು ಕಿತ್ರೂ ಚಿಗುರ್ತದೆ ಕಣ್ಲಾ. ಇದು ಚಿಗುರ್ತದಾ? ಈಗ್ತಾನೆ ಬೇರ್ ಬುಟ್ಟು ಅಸುರಾಗೈತೆ, ಕಣ್ ಕಾಣಾಕಿಲ್ವಾ?"

"ಆಟುಕ್ ನೆಟ್ಟಿದ್ದು ಬುಡವ್ವ."

"ಆಟ್ವಾ? ಇದು ಆಟ ಆದ್ರೆ ನಾನ್ ಇಷ್ಟು ವರ್ಸ ನೆಟ್ಟಿದ್ದೇನ್ಲಾ? ಓಡ್ಸದಾದ್ರೆ ನನ್ ಮ್ಯಾಲೇ ಓಡ್ಸು."

ತಮ್ಮ ಟಿಲ್ಲರ್ ಆರಿಸಿ ಬದು ಹತ್ತಿದ.

ಟಿಲ್ಲರ್ ಹೋದ ಕಡೆ ಪೈರು ಮಗುಚಿ ಬಿದ್ದಿತ್ತು. ಅವ್ವ ಒಂದೊಂದೇ ಎತ್ತಿ ತೊಳೆದು ಮತ್ತೆ ಊರತೊಡಗಿದಳು. ನನ್ನ ಕಡೆ ತಿರುಗಿ, "ಅಲ್ನಿಂತ್ಕಂಡ್ ಏನೇ ನೋಡೀಯೆ? ಇಳಿ" ಅಂದಳು. ಚಪ್ಪಲಿ ಬಿಟ್ಟು ಇಳಿದೆ. ಕೆಸರು ಬೆರಳ ಸಂದಿಯಲ್ಲಿ ತಣ್ಣಗೆ ಬಂತು. ಅವ್ವನ ಪಕ್ಕ ಬಗ್ಗಿ ಹಿಂದಕ್ಕೆ ಹೆಜ್ಜೆ ಹಾಕುವಾಗ ಸೊಂಟ ಬಿದ್ದೇಹೋಯ್ತು, ಆದರೂ ಖುಷಿಗೆ ಬಾಯಿ ಮುಚ್ಚಲಿಲ್ಲ. ತಮ್ಮ ಗೊಣಗಿಕೊಂಡೇ ಭಾನುವಾರದ ಜನಕ್ಕೆ ಬೇರೆ ಗದ್ದೆ ಹದ ಮಾಡಿದ.

ಕುಯ್ಲಾಯ್ತು. ಆ ಗದ್ದೆಯ ಭತ್ತವನ್ನು ಅವ್ವ ಬೇರೆಯಾಗಿಯೇ ಮಿಲ್ಲು ಮಾಡಿಸಿ, ನೆಟ್ಟವರಿಗೆಲ್ಲ ಸಣ್ಣ ಸಣ್ಣ ಚೀಲ ಕಟ್ಟಿದಳು. ಬೆಂಗಳೂರಿಗೆ ಕಳಿಸುವ ಹೊಣೆ ತಮ್ಮನದು. ನಾನು ಮಂಡ್ಯಕ್ಕೆ ಹೊರಟಾಗ ನನ್ನ ಕೈಗೂ ಒಂದು ಚೀಲ ಇಟ್ಟಳು.

"ಮೂಟೆ ಅಕ್ಕಿ ಆಗ್ಲೇ ಆಟೋಗೆ ಹಾಕ್ಸಿದೀಯಲ್ಲವ್ವ, ಮತ್ಯಾಕೆ?" ಅಂದೆ.

"ಅದು ಮಗ್ಳಿಗೆ ಕಣವ್ವ. ಇದು ನಾಟಿ ಆಕ್ದೋಳ್ಗೆ."

ಮಂಡ್ಯ ಬರೋವರೆಗೂ ಆ ಚೀಲವನ್ನು ನಾನು ತೊಡೆ ಮೇಲಿಂದ ಇಳಿಸಲಿಲ್ಲ.